ನಿಂತ ಚಿತ್ರದಿಂದ ನಡೆಯುವ ಚಿತ್ರಕ್ಕೆ

ಫೋಟೊ ತೆಗೆಯುವುದರಲ್ಲಿ ಪಳಗಿದ ಮಗ ಸಿನಿಮಾ ಸೇರುತ್ತೇನೆಂದು ಹೊರಟರೆ ಮನೆಯಲ್ಲಿ ಆತಂಕ ಸಹಜ. ಹಿಂದೆ ಆ ದಾರಿಯಲ್ಲಿ ನಡೆದವರು ಏನನ್ನು ಜೊತೆಗೆ ಕೊಂಡೊಯ್ದರು? ಏನನ್ನು ಹೊಸದಾಗಿ ಕಲಿಯಬೇಕಾಯಿತು?

ಮೂರು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಒಂದು ಸಂಜೆ ಶಾಲೆಯಿಂದ ಬಂದು ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ. ಬಸ್ ನಿಲ್ದಾಣದ ಎದುರು ಫೋಟೊ ಸ್ಟುಡಿಯೊ ನಡೆಸುವವರು ಗೇಟು ತೆಗೆದು ಒಳಗೆ ಬಂದರು. ಮೂವತ್ತು ವರ್ಷಗಳಿಂದ ನಮ್ಮ ತಾಲ್ಲೂಕಿನ ಮದುವೆ, ಮುಂಜಿ, ನಾಮಕರಣಗಳಿಗೆಲ್ಲ ಅವರದೇ ಕ್ಯಾಮೆರಾ. ನನ್ನ ಮದುವೆಯ ಆಲ್ಬಂ ಮಾಡಿಕೊಟ್ಟವರೂ ಅವರೇ.

"ಮೇಷ್ಟ್ರೇ, ನನ್ನ ಮಗ ನಿಮ್ಮ ಮಾತು ಕೇಳ್ತಾನೆ. ಸಿನಿಮಾಕ್ಕೆ ಹೋಗ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂದರು.

ಹುಡುಗ ನನಗೆ ಗೊತ್ತಿದ್ದವನೇ. ಹತ್ತನೇ ತರಗತಿಯಲ್ಲಿ ಬೆಳಕಿನ ಪಾಠ ಮಾಡುವಾಗ ಚಪ್ಪಲಿ ಡಬ್ಬಕ್ಕೆ ಸೂಜಿಯಿಂದ ತೂತು ಕೊರೆದು ಸೂಜಿರಂಧ್ರ ಕ್ಯಾಮೆರಾ ಮಾಡಿ ತಂದಿದ್ದ. ಉಳಿದ ಮಕ್ಕಳು ಮೇಣದ ಬತ್ತಿಯ ತಲೆಕೆಳಗಾದ ಬಿಂಬ ನೋಡಿ ಸುಮ್ಮನಾದರೆ ಇವನು ಒಳಗೆ ಫೋಟೊ ಕಾಗದ ಇಟ್ಟು ಶಾಲೆಯ ಆಲದ ಮರದ ಚಿತ್ರವನ್ನೇ ತೆಗೆದಿದ್ದ. ಆಮೇಲೆ ಬಿ.ಎಸ್ಸಿ. ಓದುತ್ತಲೇ ಅಪ್ಪನ ಜೊತೆ ಮದುವೆ ಮನೆಗಳಿಗೆ ಓಡಾಡಿದ. ಅಪ್ಪನಿಗಿಂತ ಚೆನ್ನಾಗಿ ತೆಗೆಯುತ್ತಾನೆ ಎಂದು ಊರಿನಲ್ಲಿ ಹೆಸರೂ ಆಗಿತ್ತು.

ತಂದೆಯ ಚಿಂತೆಯಲ್ಲಿ ಅರ್ಥವಿತ್ತು. ಸೀಜನ್ನಿನಲ್ಲಿ ತಿಂಗಳಿಗೆ ಎಂಟು ಹತ್ತು ಮದುವೆ, ನಂಬಿಕೆಯ ಗಿರಾಕಿಗಳು, ಸ್ವಂತ ಅಂಗಡಿ. ಇದನ್ನೆಲ್ಲ ಬಿಟ್ಟು ಗೊತ್ತುಗುರಿಯಿಲ್ಲದ ಊರಿಗೆ ಹೋಗುವುದೆಂದರೆ? ಮಗನ ವಾದದಲ್ಲೂ ಹುರುಳಿತ್ತು. ಕೈಯಲ್ಲಿ ಮೊಬೈಲ್ ಇರುವವರೆಲ್ಲ ಫೋಟೊಗ್ರಾಫರುಗಳಾದ ಮೇಲೆ ಸ್ಟುಡಿಯೊದ ಬಾಗಿಲಿಗೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು.

ನಾನು ವಿಜ್ಞಾನದ ಮೇಷ್ಟ್ರು. ಸಿನಿಮಾ ಬಗ್ಗೆ ನನಗೇನು ಗೊತ್ತು? "ಹದಿನೈದು ದಿನ ಕೊಡಿ, ವಿಚಾರಿಸಿ ಹೇಳ್ತೀನಿ" ಎಂದು ಕಳಿಸಿದೆ. ಆಗ ಹುಡುಕಿ ಓದಿದ್ದು, ಆಮೇಲೆ ಆ ಹುಡುಗನಿಂದಲೇ ತಿಳಿದದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಪ್ರಶ್ನೆ ಇರುವ ಮನೆಗಳು ಬೇರೆಯೂ ಇರಬಹುದು.

ಒಂದೂವರೆ ಸೆಕೆಂಡಿನ ರೀಲು

ಮೊದಲು ಸ್ವಲ್ಪ ವಿಜ್ಞಾನ. ಸ್ಥಿರಚಿತ್ರಕ್ಕೂ ಚಲನಚಿತ್ರಕ್ಕೂ ಇರುವುದು ದೂರದ ನಂಟಲ್ಲ, ಒಂದೇ ಹೊಟ್ಟೆಯ ನಂಟು. ಜರ್ಮನಿಯ ಓಸ್ಕರ್ ಬಾರ್ನಾಕ್ ಎಂಬಾತ ಸಿನಿಮಾಕ್ಕೆಂದು ತಯಾರಾಗುತ್ತಿದ್ದ 35 ಮಿಲಿಮೀಟರ್ ಫಿಲ್ಮನ್ನೇ ಬಳಸಿ ಕೈಯಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾ ಮಾಡಿದ. ಅದೇ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಸಿನಿಮಾದ ಎರಡು ಚೌಕಟ್ಟುಗಳ ಜಾಗ ಸೇರಿ ಫೋಟೊದ ಒಂದು ಚೌಕಟ್ಟಾಯಿತು. ನಮ್ಮ ಕಾಲದ ರೀಲಿನ ಕ್ಯಾಮೆರಾಗಳೆಲ್ಲ ಅದೇ ಅಳತೆಯವು.

ಈಗ ಸಣ್ಣದೊಂದು ಲೆಕ್ಕ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು. ಒಂದರ ಹಿಂದೊಂದು ಬರುವ ಈ ನಿಂತ ಚಿತ್ರಗಳನ್ನು ನಮ್ಮ ಮಿದುಳು ಚಲನೆಯೆಂದು ಗ್ರಹಿಸುತ್ತದೆ. ಹಿಂದೆ ಫೋಟೊ ರೀಲಿನಲ್ಲಿ 36 ಚಿತ್ರಗಳಿರುತ್ತಿದ್ದವು. ಒಂದು ಇಡೀ ಪ್ರವಾಸಕ್ಕೆ ಸಾಕಾಗುತ್ತಿದ್ದ ಆ 36 ಚಿತ್ರಗಳು ಸಿನಿಮಾದ ವೇಗದಲ್ಲಿ ಒಂದೂವರೆ ಸೆಕೆಂಡಿಗೆ ಮುಗಿದುಹೋಗುತ್ತವೆ. ಎರಡು ಗಂಟೆಯ ಚಿತ್ರಕ್ಕೆ 1,72,800 ಚೌಕಟ್ಟುಗಳು ಬೇಕು.

ಇದರ ಪರಿಣಾಮ ಕೈಕೆಲಸದ ಮೇಲೂ ಆಗುತ್ತದೆ. ಓಡುವ ಕುದುರೆಯ ಫೋಟೊ ತೆಗೆಯುವವನು ಷಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟು ಕುದುರೆಯನ್ನು ಗಾಳಿಯಲ್ಲೇ ನಿಲ್ಲಿಸುತ್ತಾನೆ. ಅದೇ ಅಭ್ಯಾಸದಲ್ಲಿ ಸಿನಿಮಾ ತೆಗೆದರೆ ಕುದುರೆ ಕುಪ್ಪಳಿಸಿದಂತೆ ಕಾಣುತ್ತದೆ. 24 ಚೌಕಟ್ಟಿನ ವೇಗದಲ್ಲಿ ಒಂದೊಂದು ಚೌಕಟ್ಟಿಗೂ ಸಾಮಾನ್ಯವಾಗಿ 1/48 ಸೆಕೆಂಡಿನಷ್ಟು ಬೆಳಕು ಕೊಡುತ್ತಾರೆ. ಒಂದೊಂದು ಚಿತ್ರವೂ ಸ್ವಲ್ಪ ಕಲೆಸಿರುತ್ತದೆ. ಆ ಕಲೆಸುವಿಕೆಯಿಂದಲೇ ಚಲನೆಗೆ ನಯ ಬರುತ್ತದೆ. ಫೋಟೊಗ್ರಾಫರನ ಪಾಲಿಗೆ ತಪ್ಪಾಗಿದ್ದದ್ದು ಇಲ್ಲಿ ಗುಣವಾಗುತ್ತದೆ.

ಇನ್ನೊಂದು ಉದಾಹರಣೆ. ನಮ್ಮ ದೇಶದ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಅದು ಕಾಣದು, ವಿಡಿಯೊ ಕ್ಯಾಮೆರಾಕ್ಕೆ ಕಾಣುತ್ತದೆ. ಕಲ್ಯಾಣ ಮಂಟಪದ ವಿಡಿಯೊದಲ್ಲಿ ಬೆಳಕು ಅಲೆಯಲೆಯಾಗಿ ಓಡುವುದಕ್ಕೆ ಇದೇ ಕಾರಣ. ಷಟರನ್ನು 1/50ಕ್ಕೆ ಇಟ್ಟರೆ ಪ್ರತಿ ಚೌಕಟ್ಟಿಗೂ ಸರಿಯಾಗಿ ಎರಡು ಮಿನುಗು ಸಿಕ್ಕಿ ಅಲೆ ನಿಲ್ಲುತ್ತದೆ. ಪಾಠದಲ್ಲಿ ಓದಿದ ಆವರ್ತಾಂಕ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಕೇಳುವ ಮಕ್ಕಳಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಆದರೆ ಇವೆಲ್ಲ ಒಂದು ವಾರದಲ್ಲಿ ಕಲಿಯುವಂಥವು. ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಅದನ್ನು ತಿಳಿಯಲು ಅಮೆರಿಕದ ಒಬ್ಬ ಹುಡುಗನ ಕಥೆ ನೋಡೋಣ.

ಬಾಕ್ಸರ್ ಒಬ್ಬ, ಚಿತ್ರ ಎರಡು

ಸ್ಟ್ಯಾನ್ಲಿ ಕುಬ್ರಿಕ್ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕ್‌ನಲ್ಲಿ. ತಂದೆ ವೈದ್ಯರು. ಶಾಲೆಯಲ್ಲಿ ಹುಡುಗನ ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ. ತಂದೆ ಹದಿಮೂರನೇ ವಯಸ್ಸಿಗೆ ಒಂದು ಕ್ಯಾಮೆರಾ ಕೊಡಿಸಿದರು. 1945ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡಾಗ, ಸಾವಿನ ಸುದ್ದಿ ಹೊತ್ತ ಪತ್ರಿಕೆಗಳ ನಡುವೆ ಮುಖ ಬಾಡಿಸಿ ಕುಳಿತ ಪತ್ರಿಕೆ ಮಾರುವವನೊಬ್ಬನ ಚಿತ್ರವನ್ನು ಈ ಹುಡುಗ ತೆಗೆದ. 'ಲುಕ್' ಎಂಬ ಪ್ರಸಿದ್ಧ ಸಚಿತ್ರ ಪತ್ರಿಕೆ ಅದನ್ನು ಕೊಂಡಿತು. ಆಗ ಅವನಿಗೆ ಹದಿನಾರು ವರ್ಷ. ಯುದ್ಧದಿಂದ ಮರಳಿದ ಸೈನಿಕರಿಂದ ಕಾಲೇಜುಗಳು ತುಂಬಿದ್ದ ಕಾಲ ಅದು. ಅವನ ಅಂಕಗಳಿಗೆ ಸೀಟು ಸಿಗಲಿಲ್ಲ. 1946ರಲ್ಲಿ 'ಲುಕ್' ಪತ್ರಿಕೆಯನ್ನೇ ಸೇರಿದ.

1949ರಲ್ಲಿ ವಾಲ್ಟರ್ ಕಾರ್ಟಿಯರ್ ಎಂಬ ಬಾಕ್ಸರ್ ಬಗ್ಗೆ ಅವನ ಚಿತ್ರಲೇಖನ ಆ ಪತ್ರಿಕೆಯಲ್ಲಿ ಬಂತು. ಎರಡು ವರ್ಷಗಳ ನಂತರ, 1951ರಲ್ಲಿ, ಅದೇ ಬಾಕ್ಸರನನ್ನು ಕುರಿತು 'ಡೇ ಆಫ್ ದಿ ಫೈಟ್' ಎಂಬ ಕಿರುಚಿತ್ರವನ್ನು ಕುಬ್ರಿಕ್ ತಾನೇ ತಯಾರಿಸಿದ. ವಿಷಯ ಒಂದೇ, ವ್ಯಕ್ತಿ ಒಬ್ಬನೇ, ತೆಗೆದವನೂ ಒಬ್ಬನೇ. ಫೋಟೊದಲ್ಲಿ ಗುದ್ದು ತಗಲುವ ಕ್ಷಣವನ್ನು ಹಿಡಿದರೆ ಕೆಲಸ ಮುಗಿಯಿತು. ಕಿರುಚಿತ್ರದಲ್ಲಿ ಬೆಳಿಗ್ಗೆಯಿಂದ ರಾತ್ರಿಯ ಪಂದ್ಯದವರೆಗಿನ ಕಾಯುವಿಕೆಯನ್ನು ಕಟ್ಟಬೇಕು. ಅವನು ಏಳುವುದು, ತಿನ್ನುವುದು, ಗಡಿಯಾರ ಮುಂದೆ ಸಾಗುವುದು, ಕೊನೆಗೆ ಕಣಕ್ಕಿಳಿಯುವುದು. ಅಷ್ಟೂ ಹೊತ್ತು ಕಾದ ಪ್ರೇಕ್ಷಕನಿಗೆ ಗುದ್ದಿನ ನೋವು ಆಗಲೇ ತಿಳಿಯುವುದು. ಫೋಟೊಗ್ರಾಫರ್ ಹೊಸದಾಗಿ ಕಲಿಯಬೇಕಾದದ್ದು ಇದೇ, ಕಾಲವನ್ನು ಕಟ್ಟುವುದು.

ಹಣದ ಲೆಕ್ಕವನ್ನೂ ಪೋಷಕರು ಗಮನಿಸಬೇಕು. ಆ ಕಿರುಚಿತ್ರಕ್ಕೆ ತಗುಲಿದ್ದು ಸುಮಾರು 3,900 ಡಾಲರ್, ಮಾರಿದ್ದು 4,000ಕ್ಕೆ ಎಂದು ಅವನ ಬಗ್ಗೆ ಬರೆದವರು ಹೇಳುತ್ತಾರೆ. ಲಾಭ ನೂರು ಡಾಲರ್! ಅಷ್ಟಕ್ಕೇ ಪತ್ರಿಕೆಯ ಕೆಲಸ ಬಿಟ್ಟಾಗಿತ್ತು. 1953ರಲ್ಲಿ ಬಂಧುವಿನ ಹಣ ತಂದು 'ಫಿಯರ್ ಅಂಡ್ ಡಿಸೈರ್' ಎಂಬ ಮೊದಲ ಕಥಾಚಿತ್ರ ಮಾಡಿದ. ಧ್ವನಿಯನ್ನು ಆಮೇಲೆ ಸೇರಿಸಿದರೆ ಅಗ್ಗವೆಂದು ಎಣಿಸಿದ್ದು ಉಲ್ಟಾ ಹೊಡೆದು ಖರ್ಚು ಬೆಳೆಯಿತು. ಚಿತ್ರ ಹಣ ತರಲಿಲ್ಲ. ಮುಂದೆ ಜಗತ್ತೇ ಮೆಚ್ಚುವ ನಿರ್ದೇಶಕನಾದ ಮೇಲೆ ಆ ಮೊದಲ ಚಿತ್ರವನ್ನು ಯಾರೂ ನೋಡದಿದ್ದರೆ ಸಾಕೆಂದು ಬಯಸಿದ. ಫೋಟೊ ತೆಗೆಯುವುದರಲ್ಲಿ ಇಷ್ಟು ಪಳಗಿದವನಿಗೂ ಸಿನಿಮಾದ ಮೊದಲ ಮೆಟ್ಟಿಲು ಎಡವುವ ಮೆಟ್ಟಿಲೇ ಆಗಿತ್ತು.

ಹಾಗಾದರೆ ಫೋಟೊ ಕಲಿತದ್ದು ವ್ಯರ್ಥವೇ? ಖಂಡಿತ ಅಲ್ಲ. 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಮೇಣದ ಬತ್ತಿಯ ಬೆಳಕಿನಲ್ಲೇ ದೃಶ್ಯಗಳನ್ನು ಚಿತ್ರಿಸಲು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಗೆಂದು ಸೈಸ್ ಕಂಪನಿ ಮಾಡಿದ್ದ ಎಫ್/0.7 ಮಸೂರವನ್ನು ಅವನು ಬಳಸಿದ. ಇರುವ ಬೆಳಕನ್ನೇ ನಂಬಿ ತೆಗೆಯುವ ಪತ್ರಿಕಾ ಛಾಯಾಗ್ರಾಹಕನ ಹಟ ಅದು. ಆ ಚಿತ್ರದ ಛಾಯಾಗ್ರಹಣಕ್ಕೆ ಜಾನ್ ಆಲ್ಕಾಟ್ ಆಸ್ಕರ್ ಪಡೆದರು.

ಬಿಳಿ ಬಟ್ಟೆಯ ಆಕಾಶ

ನಮ್ಮ ದೇಶದಲ್ಲೂ ಇಂಥ ಉದಾಹರಣೆಗಳಿವೆ. ಸತ್ಯಜಿತ್ ರಾಯ್ 1952ರಲ್ಲಿ 'ಪಥೇರ್ ಪಾಂಚಾಲಿ' ಆರಂಭಿಸಿದಾಗ ಕ್ಯಾಮೆರಾ ಹಿಡಿದ ಸುಬ್ರತ ಮಿತ್ರರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಫೋಟೊ ತೆಗೆದು ಗೊತ್ತಿತ್ತೇ ಹೊರತು ಮೂವಿ ಕ್ಯಾಮೆರಾ ನಡೆಸಿದವರಲ್ಲ.

ಆದರೆ ಏನೂ ಕಲಿಯದೆ ಬಂದವರೂ ಅಲ್ಲ. ಫ್ರಾನ್ಸಿನ ಜ್ಯಾನ್ ರೆನ್ವಾರ್ 'ದಿ ರಿವರ್' ಚಿತ್ರಕ್ಕಾಗಿ ಬಂಗಾಳಕ್ಕೆ ಬಂದಾಗ ಮಿತ್ರ ಕೆಲಸ ಕೇಳಿದ್ದರು, ಸಿಗಲಿಲ್ಲ. ನೋಡಲು ಅನುಮತಿ ಸಿಕ್ಕಿತು. ನಿತ್ಯ ಹೋಗಿ ದೀಪ ಎಲ್ಲಿತ್ತು, ಕ್ಯಾಮೆರಾ ಎಲ್ಲಿತ್ತು, ನಟ ಯಾವ ಕಡೆ ನಡೆದ ಎಂಬುದನ್ನೆಲ್ಲ ಚಿತ್ರ ಬರೆದು ಟಿಪ್ಪಣಿ ಮಾಡಿಕೊಂಡರು. ಕಡೆಗೆ ಚಿತ್ರತಂಡದವರೇ ಹಿಂದಿನ ದಿನದ ಬೆಳಕಿನ ವಿವರಕ್ಕೆ ಅವರ ಪುಸ್ತಕ ಕೇಳುವಂತಾಯಿತಂತೆ. ವಿದ್ಯಾರ್ಥಿ ಮಿತ್ರರೇ, ಪ್ರವೇಶ ಸಿಗದ ಕಡೆ ಬಾಗಿಲ ಬಳಿ ನಿಂತು ಕಲಿಯುವುದೆಂದರೆ ಹೀಗೆ.

1956ರ 'ಅಪರಾಜಿತೋ' ಚಿತ್ರದಲ್ಲಿ ಒಂದು ಸಮಸ್ಯೆ ಎದುರಾಯಿತು. ಕಾಶಿಯ ಹಳೆಯ ಮನೆಯ ಒಳ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದಲ್ಲಿ ಕಟ್ಟಬೇಕು. ನಿಜವಾದ ಅಂಗಳಕ್ಕೆ ಮೇಲಿನ ಆಕಾಶದಿಂದ ಬೆಳಕು ಬೀಳುತ್ತದೆ, ಎಲ್ಲೂ ಗಾಢ ನೆರಳಿರುವುದಿಲ್ಲ. ಸ್ಟುಡಿಯೊ ದೀಪಗಳಾದರೋ ಒಂದೊಂದೂ ಒಂದೊಂದು ಕಪ್ಪು ನೆರಳು ಹಾಕುತ್ತವೆ. ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದರತ್ತ ತಿರುಗಿಸಿ, ಬಟ್ಟೆಯಿಂದ ಚದುರಿ ಬಂದ ಬೆಳಕಿನಲ್ಲಿ ಚಿತ್ರಿಸಿದರು. ಬೆಳಕಿನ ಮೂಲ ಚಿಕ್ಕದಿದ್ದರೆ ನೆರಳು ಗಡುಸು, ಅಗಲವಾಗಿದ್ದರೆ ಮೆದು. ನಮ್ಮ ಹೈಸ್ಕೂಲು ಪುಸ್ತಕದ ಪಾಠವೇ ಇದು! ಆ ಚಿತ್ರ ನೋಡಿದವರಿಗೆ ಅದು ಸ್ಟುಡಿಯೊ ಎಂಬ ಅನುಮಾನವೂ ಬರುವುದಿಲ್ಲ.

ಕನ್ನಡಿ ಹಿಡಿದ ಮೈಸೂರಿನವರು

ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು (1923–2014) ಇನ್ನೊಂದು ದಾರಿಯಲ್ಲಿ ಬಂದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ, ಅಂದರೆ ಈಗ ಎಸ್.ಜೆ. ಪಾಲಿಟೆಕ್ನಿಕ್ ಎಂದು ನಾವು ಕರೆಯುವಲ್ಲಿ, ಛಾಯಾಗ್ರಹಣ ಓದಿ 1946ರಲ್ಲಿ ಡಿಪ್ಲೊಮಾ ಪಡೆದರು. ನಂತರ ಮುಂಬಯಿಯಲ್ಲಿ ಸಹಾಯಕರಾಗಿ ದುಡಿದರು. 'ಬಾಜಿ' (1951) ಚಿತ್ರದಲ್ಲಿ ಸಹಾಯಕರಾಗಿದ್ದಾಗ ಗುರುದತ್ತರ ಕಣ್ಣಿಗೆ ಬಿದ್ದು, 'ಜಾಲ್' (1952) ಚಿತ್ರದಿಂದ ಅವರ ಛಾಯಾಗ್ರಾಹಕರಾದರು. ಡಿಪ್ಲೊಮಾ ಕೈಗೆ ಬಂದ ಮೇಲೂ ಐದಾರು ವರ್ಷ ಬೇರೆಯವರ ಕೈಕೆಳಗೆ ಕಲಿತರೆಂಬುದನ್ನು ಗಮನಿಸಬೇಕು.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' (1959). ಅದರಲ್ಲಿ ಕತ್ತಲ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ನೋಡದ ಸಿನಿಮಾಪ್ರಿಯರಿಲ್ಲ. ಅದು ದೀಪದ ಬೆಳಕಲ್ಲ, ಬಿಸಿಲು. ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿರುವುದರಿಂದ ಬೆಳಕು ಹರಡದೆ ಕೋಲಿನಂತೆಯೇ ನಿಂತಿತು. ಸ್ಟುಡಿಯೊದ ದೀಪದಿಂದ ಅಷ್ಟು ನೇರವಾದ ಕೋಲು ಬರುವುದು ಕಷ್ಟ. ಚಿತ್ರ ಸೋತರೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ ಎನಿಸಿದರು.

ಅದೇ ಬೆಂಗಳೂರಿನ ಸಂಸ್ಥೆಯಲ್ಲಿ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾಗಿದ್ದರು. ಶ್ಯಾಂ ಬೆನಗಲ್‌ರ 'ಅಂಕುರ್' (1974) ಚಿತ್ರಕ್ಕೆ ಕ್ಯಾಮೆರಾ ಹಿಡಿದು, 1980ರಲ್ಲಿ 'ಆಕ್ರೋಶ್' ಮೂಲಕ ನಿರ್ದೇಶಕರಾದರು. ಓದು ಮುಗಿದು ಹದಿನೆಂಟು ವರ್ಷಗಳ ಮೇಲೆ!

ಕಾಡಿನಿಂದ ಬಂದವರು

ಸಿನಿಮಾ ಎಂದರೆ ಹಾಡು, ಹೊಡೆದಾಟ, ತಾರೆಯರು ಮಾತ್ರವಲ್ಲ. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಮೊದಲು ಹೆಸರಾದದ್ದು ವನ್ಯಜೀವಿ ಛಾಯಾಗ್ರಾಹಕರಾಗಿ. ಕಾಡುಗಳ್ಳ ವೀರಪ್ಪನ್ 1997ರಲ್ಲಿ ಅವರನ್ನು ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿಟ್ಟಿದ್ದು ನಾಡಿನ ಜನರಿಗೆ ನೆನಪಿದೆ. ಅವರು ಕೆನ್ನಾಯಿಗಳ ಬೆನ್ನು ಹತ್ತಿ 'ವೈಲ್ಡ್ ಡಾಗ್ ಡೈರೀಸ್', 'ದಿ ಪ್ಯಾಕ್' ಚಿತ್ರಗಳನ್ನು ಮಾಡಿದರು. ಕೆನ್ನಾಯಿಯ ಒಂದು ಒಳ್ಳೆಯ ಫೋಟೊಗೆ ಒಂದು ಬೆಳಗಿನ ಅದೃಷ್ಟ ಸಾಕಾದೀತು. ಒಂದು ಗುಂಪಿನ ಕಥೆ ಹೇಳಬೇಕಾದರೆ ಗುಂಪಿನ ಪ್ರಾಣಿಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕು, ಮರಿಗಳು ಬೆಳೆಯುವುದನ್ನು ಕಾಯಬೇಕು. ಅದಕ್ಕೆ ಬೇಕಾದದ್ದು ವರ್ಷಗಳು.

ಬೆಂಗಳೂರಿನ ಛಾಯಾಗ್ರಾಹಕರಾದ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲೇ ಬಿಡುಗಡೆಯಾಯಿತು. ಡೇವಿಡ್ ಅಟೆನ್‌ಬರೋ ಅದಕ್ಕೆ ನಿರೂಪಣೆಯ ಧ್ವನಿ ಕೊಟ್ಟರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಸಂತೆಯ ಆಲ್ಬಂ

ಹದಿನೈದು ದಿನ ಕಳೆದು ತಂದೆ ಮಗ ಇಬ್ಬರೂ ಮನೆಗೆ ಬಂದರು. ನಾನು ಬುದ್ಧಿ ಹೇಳುವ ಬದಲು ಹುಡುಗನಿಗೆ ಒಂದು ಕೆಲಸ ಹೇಳಿದೆ. "ಯಾರ ಹತ್ತಿರವೂ ಸಾಲ ಮಾಡದೆ, ಇರುವ ಕ್ಯಾಮೆರಾದಲ್ಲೇ ಹತ್ತು ನಿಮಿಷದ ಒಂದು ಚಿತ್ರ ಮಾಡಿಕೊಂಡು ಬಾಪ್ಪ. ಆಮೇಲೆ ಮಾತಾಡೋಣ."

ಎರಡು ತಿಂಗಳಿಗೆ ನಮ್ಮೂರ ಮಂಗಳವಾರದ ಸಂತೆಯನ್ನು ಚಿತ್ರಿಸಿ ತಂದ. ನಮ್ಮ ಮನೆಯ ಟಿ.ವಿ.ಯಲ್ಲಿ ಎಲ್ಲರೂ ಕೂತು ನೋಡಿದೆವು. ಮಂಜಿನಲ್ಲಿ ಬರುವ ಎತ್ತಿನ ಗಾಡಿ, ಮೆಣಸಿನಕಾಯಿ ರಾಶಿ, ವೀಳ್ಯದೆಲೆ ಎಣಿಸುವ ಮುದುಕಿಯ ಬೆರಳು. ಒಂದೊಂದು ದೃಶ್ಯವೂ ಕ್ಯಾಲೆಂಡರಿಗೆ ಹಾಕುವಂತಿತ್ತು. ನನ್ನ ಮನೆಯವರು "ಎಷ್ಟು ಚೆನ್ನಾಗಿದೆ" ಎಂದರು. ನಾಲ್ಕನೇ ನಿಮಿಷಕ್ಕೆ ನನಗೆ ಆಕಳಿಕೆ ಬಂತು. ಯಾಕೆಂದು ತಿಳಿಯಲಿಲ್ಲ.

ತಿಳಿದದ್ದು ಅವನ ತಂದೆಗೆ. "ಎಲ್ಲಾ ಚೆನ್ನಾಗಿದೆ. ಆದರೆ ಇದು ಆಲ್ಬಮ್ಮು ಕಣೋ" ಎಂದರು. "ಆ ಅಜ್ಜಿ ಎಲೆ ಎಣಿಸಿದಳು ಸರಿ. ಮಾರಾಟ ಆಯ್ತೋ ಇಲ್ವೋ? ಸಂಜೆ ಬರಿಗೈಲಿ ಹೋದಳೋ? ನಾನು ಕಾಯ್ತಾನೇ ಇದ್ದೆ, ನೀನು ತೋರಿಸಲೇ ಇಲ್ಲ."

ಹುಡುಗನ ಮುಖ ಸಣ್ಣದಾಯಿತು. ಸಾಹಿತ್ಯ ಸಿನಿಮಾ ಓದದ, ಆಲ್ಬಂ ಮಾಡುತ್ತಲೇ ಬದುಕಿದ ಮನುಷ್ಯ ಒಂದೇ ಮಾತಿನಲ್ಲಿ ದೋಷ ಹೇಳಿಬಿಟ್ಟಿದ್ದರು. ಇನ್ನೊಂದು ತಪ್ಪೂ ಇತ್ತು. ಚೌಕಾಸಿಯ ದೃಶ್ಯದಲ್ಲಿ ಕೊಳ್ಳುವವನೂ ಮಾರುವವನೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತಿತ್ತು. ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ ಕ್ಯಾಮೆರಾವನ್ನು ಅದರ ಒಂದೇ ಪಕ್ಕದಲ್ಲಿ ಇಡಬೇಕು. ಫೋಟೊಗ್ರಾಫರ್ ಒಳ್ಳೆಯ ಬೆಳಕು ಕಂಡ ಕಡೆಗೆ ನೆಗೆಯುತ್ತಾನೆ. ಅವನಿಗೆ ಈ ಗೆರೆಯ ಹಂಗಿರಲಿಲ್ಲ.

ಅಂದು ತಂದೆ ಮಗ ಒಂದು ಒಪ್ಪಂದಕ್ಕೆ ಬಂದರು. ಒಂದು ವರ್ಷ ಮಗ ಸ್ಟುಡಿಯೊ ನೋಡಿಕೊಳ್ಳುವುದು, ಬಿಡುವಿನಲ್ಲಿ ಇನ್ನೊಂದು ಚಿತ್ರ ಮಾಡುವುದು, ಪ್ರವೇಶ ಪರೀಕ್ಷೆಗೆ ಓದುವುದು. ಆ ಚಿತ್ರ ನೋಡಿ ತಂದೆ ತೀರ್ಮಾನಿಸುವುದು.

ಓದುವುದಾದರೆ ಎಲ್ಲಿ?

ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊದ ಜಾಗದಲ್ಲಿ ಆರಂಭವಾಯಿತು. ಕಲ್ಕತ್ತೆಯ ಸತ್ಯಜಿತ್ ರಾಯ್ ಸಂಸ್ಥೆ 1995ರಲ್ಲಿ ಬಂತು. ಎರಡೂ ಕೇಂದ್ರ ಸರ್ಕಾರದವು. ಇವುಗಳಲ್ಲಿ ಛಾಯಾಗ್ರಹಣ, ನಿರ್ದೇಶನದಂಥ ಮೂರು ವರ್ಷಗಳ ಕೋರ್ಸಿಗೆ ಯಾವುದೇ ವಿಷಯದ ಪದವಿ ಆಗಿರಬೇಕು. ಆದ್ದರಿಂದ "ಸಿನಿಮಾಕ್ಕೆ ಡಿಗ್ರಿ ಯಾಕೆ" ಎಂದು ಕಾಲೇಜು ಬಿಡುವುದು ತಪ್ಪು ಲೆಕ್ಕ. ಪ್ರವೇಶ ಪರೀಕ್ಷೆ ಇದೆ, ಸೀಟುಗಳು ಬೆರಳೆಣಿಕೆಯಷ್ಟು. ನಮ್ಮ ರಾಜ್ಯದಲ್ಲಿ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯ ಡಿಪ್ಲೊಮಾ ಎಸ್.ಎಸ್.ಎಲ್.ಸಿ. ಆದವರಿಗಾಗಿ ರೂಪಿಸಿದ್ದು. ಅರ್ಹತೆ, ಶುಲ್ಕಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು.

ಬಣ್ಣಗುರುಡು ಇರುವ ಮಕ್ಕಳ ಪೋಷಕರು ತಿಳಿಯಬೇಕಾದ ಸಂಗತಿಯೊಂದಿದೆ. ಹಿಂದೆ ಪುಣೆಯ ಸಂಸ್ಥೆಯ ಕೆಲವು ಕೋರ್ಸುಗಳಿಗೆ ಅಂಥವರಿಗೆ ಪ್ರವೇಶವಿರಲಿಲ್ಲ. ಅವರನ್ನು ಹೊರಗಿಡಕೂಡದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸೀಟು ಸಿಗದವರಿಗೆ ಸಹಾಯಕನ ದಾರಿ ಇದ್ದೇ ಇದೆ. ಅದು ಕ್ಯಾಮೆರಾ ಪೆಟ್ಟಿಗೆ ಹೊರುವುದರಿಂದ ಶುರುವಾಗುತ್ತದೆ. ಇಲ್ಲಿ ಫೋಟೊಗ್ರಾಫರ್ ಮರೆಯಬೇಕಾದ ಅಭ್ಯಾಸವೊಂದಿದೆ. ಫೋಟೊ ಒಬ್ಬನ ಕೆಲಸ, ಸಿನಿಮಾ ಹತ್ತಾರು ಜನರದು. ಬೆಳಕು ಕಟ್ಟುವವರು, ಧ್ವನಿ ಹಿಡಿಯುವವರು, ಕಲಾ ನಿರ್ದೇಶಕರು, ಸಂಕಲನಕಾರರು ಎಲ್ಲರ ಮಾತಿಗೂ ಕಿವಿಗೊಡಬೇಕು. ಅದು ಒಗ್ಗದವರಿಗೆ ಫೋಟೊ ಕ್ಷೇತ್ರವೇ ಲೇಸು. ಅದರಲ್ಲಿ ಕೀಳೇನಿಲ್ಲ. ನಿಮಾಯ್ ಘೋಷ್ ಎಂಬುವರು ಎರಡು ದಶಕಗಳಿಗೂ ಹೆಚ್ಚು ಕಾಲ ಸತ್ಯಜಿತ್ ರಾಯ್ ಅವರ ಚಿತ್ರೀಕರಣದಲ್ಲಿ ಫೋಟೊ ತೆಗೆಯುತ್ತಲೇ ಇದ್ದರು. ರಾಯ್ ಹೇಗೆ ಕೆಲಸ ಮಾಡುತ್ತಿದ್ದರೆಂದು ನಾವು ಇಂದು ನೋಡುವುದು ಆ ಫೋಟೊಗಳಿಂದಲೇ.

ವಿದ್ಯಾರ್ಥಿಗಳಿಗೆ ಮನೆಪಾಠ

ಮೊಬೈಲಿನಲ್ಲೇ ಮಾಡಬಹುದಾದ ಕೆಲವು ಅಭ್ಯಾಸಗಳು ಇಲ್ಲಿವೆ. ನಮ್ಮ ಹುಡುಗನೂ ಇವನ್ನೇ ಮಾಡಿದ್ದ.

ಅಮ್ಮ ರಂಗೋಲಿ ಹಾಕುವುದನ್ನೋ ಅಜ್ಜ ಸೈಕಲ್ ಒರೆಸುವುದನ್ನೋ ಐದೇ ತುಣುಕುಗಳಲ್ಲಿ, ಮಾತಿಲ್ಲದೆ ಹೇಳಿ. ನೋಡಿದವರಿಗೆ ಏನು ಶುರುವಾಯಿತು, ಏನು ಮುಗಿಯಿತು ಎಂದು ತಿಳಿಯಬೇಕು.

ಮೊಬೈಲನ್ನು ಅಡ್ಡಲಾಗಿ ಒಂದು ಕಡೆ ಇಟ್ಟು ಒಂದು ನಿಮಿಷ ಅಲುಗಿಸದೆ ಚಿತ್ರಿಸಿ. ಚೌಕಟ್ಟಿನ ಒಳಗೆ ಬರುವುದು, ಹೊರಗೆ ಹೋಗುವುದು ಎಷ್ಟಿದೆ ನೋಡಿ.

ಒಂದು ಒಳ್ಳೆಯ ಚಿತ್ರವನ್ನು ಧ್ವನಿ ಮುಚ್ಚಿ ಹತ್ತು ನಿಮಿಷ ನೋಡಿ, ದೃಶ್ಯ ಎಲ್ಲಿ ಕತ್ತರಿಸಿದ್ದಾರೆಂದು ಗುರುತು ಹಾಕಿ. ಆಮೇಲೆ ಕಣ್ಣು ಮುಚ್ಚಿ ಅದನ್ನೇ ಕೇಳಿ. ಸಿನಿಮಾದಲ್ಲಿ ಅರ್ಧ ಕೆಲಸ ಕಿವಿಯದು ಎಂಬುದನ್ನು ಫೋಟೊಗ್ರಾಫರುಗಳು ತಡವಾಗಿ ಕಲಿಯುತ್ತಾರೆ.

ಸುಬ್ರತ ಮಿತ್ರರಂತೆ ಒಂದು ನೋಟುಪುಸ್ತಕ ಇಡಿ. ಕಿಟಕಿಯ ಬೆಳಕು ಎಂಟು ಗಂಟೆಗೆ ಎಲ್ಲಿತ್ತು, ನಾಲ್ಕು ಗಂಟೆಗೆ ಎಲ್ಲಿತ್ತು ಎಂದು ಬರೆಯಿರಿ.

ಪೋಷಕರಿಗೆ ಎರಡು ಮಾತು

ಹೊಲ ಮಾರಿ ಕ್ಯಾಮೆರಾ ಕೊಡಿಸಬೇಡಿ. ದುಬಾರಿ ಕ್ಯಾಮೆರಾ ಮಸೂರಗಳು ದಿನದ ಬಾಡಿಗೆಗೆ ಸಿಗುತ್ತವೆ. ಕೊಂಡದ್ದು ನಾಲ್ಕು ವರ್ಷಕ್ಕೆ ಹಳತಾಗುತ್ತದೆ. "ಚಾನ್ಸ್ ಕೊಡಿಸುತ್ತೇನೆ" ಎಂದು ಹಣ ಕೇಳುವವರಿಂದ ದೂರವಿರಿ. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ನಮ್ಮಿಂದ ಕೇಳಬಾರದು. ಮೊದಲ ಎರಡು ಮೂರು ವರ್ಷ ಸಂಪಾದನೆ ಅನಿಶ್ಚಿತ ಎಂದು ಮೊದಲೇ ಒಪ್ಪಿಕೊಂಡು, ಎಷ್ಟು ಕಾಲ, ಎಷ್ಟು ಹಣ ಕೊಡಬಲ್ಲಿರೆಂದು ಮಗ ಮಗಳ ಎದುರು ಕೂತು ಬಾಯಿಬಿಟ್ಟು ಮಾತಾಡಿ. ಸಂಕಲನ, ಬಣ್ಣ ತಿದ್ದುವುದು, ಧ್ವನಿಮುದ್ರಣ, ಜಾಹೀರಾತು, ಸಾಕ್ಷ್ಯಚಿತ್ರ, ಶೈಕ್ಷಣಿಕ ಚಿತ್ರ ಇವೆಲ್ಲ ಹೆ‌ಸರು ಬರದಿದ್ದರೂ ಅನ್ನ ಕೊಡುವ ಕೆಲಸಗಳೇ ಎಂಬುದೂ ತಿಳಿದಿರಲಿ.

ಮತ್ತೆ ನಮ್ಮ ಹುಡುಗನ ವಿಚಾರ. ಒಂದು ವರ್ಷದ ನಂತರ ಎರಡನೇ ಚಿತ್ರ ತಂದ. ಎಂಟು ನಿಮಿಷದ್ದು. ವಯಸ್ಸಾದ ಗಂಡ ಹೆಂಡತಿ ಹಳ್ಳಿಯಿಂದ ಬಂದು ಸ್ಟುಡಿಯೊದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟೇ ಕಥೆ. ಅಜ್ಜಿ ಸೆರಗು ಸರಿಮಾಡಿಕೊಳ್ಳುವುದು, ಅಜ್ಜ ಗೋಡೆಯ ಕನ್ನಡಿಯಲ್ಲಿ ಕೂದಲು ಬಾಚುವುದು, ಸ್ಟುಡಿಯೊದವರು ಬಂದು ಅಜ್ಜನ ಗಲ್ಲ ಹಿಡಿದು ಒಂದಿಷ್ಟು ತಿರುಗಿಸುವುದು. ನಾನು ಫ್ಲ್ಯಾಶ್ ಹೊಳೆಯುವುದನ್ನೇ ಕಾಯುತ್ತಾ ಕೂತಿದ್ದೆ. ಹೊಳೆದಾಗ ಪರದೆಯ ತುಂಬ ಕಂಡದ್ದು ಆ ದಂಪತಿಗಳಲ್ಲ, ಕ್ಯಾಮೆರಾ ಹಿಂದೆ ನಿಂತಿದ್ದ ಹುಡುಗನ ತಂದೆಯ ಮುಖ.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಬೆಂಗಳೂರಿಗೆ ಯಾವತ್ತು ಹೊರಡ್ತೀಯ?" ಎಂದು ಕೇಳಿದರು.

ಮೊದಲ ಸಲ ಪ್ರವೇಶ ಪರೀಕ್ಷೆಯಲ್ಲಿ ಅವನಿಗೆ ಸೀಟು ಸಿಗಲಿಲ್ಲ. ಛಾಯಾಗ್ರಾಹಕರೊಬ್ಬರ ಬಳಿ ಸಹಾಯಕನಾಗಿ ಸೇರಿದ. ಒಂದು ಚಿತ್ರದ ಸಂಬಳ ಎರಡು ತಿಂಗಳು ಬಾರದೆ ತಂದೆಯೇ ಹಣ ಕಳಿಸಿದ್ದೂ ಉಂಟು. ಈಗ ಫೋಕಸ್ ಪುಲ್ಲರ್ ಆಗಿದ್ದಾನೆ. ಹಾಗೆಂದರೇನು ಎಂದು ತಂದೆ ನನ್ನನ್ನು ಕೇಳಿದರು. ನಟ ನಡೆದು ಬರುವಾಗ ದೂರವನ್ನು ಲೆಕ್ಕ ಹಾಕಿ ಮಸೂರವನ್ನು ತಿರುಗಿಸುತ್ತಾ ಮುಖ ಮಸುಕಾಗದಂತೆ ನೋಡಿಕೊಳ್ಳುವ ಕೆಲಸ ಎಂದೆ.

"ನನಗೆ ಈ ತೊಂದರೆ ಇರಲಿಲ್ಲ ಮೇಷ್ಟ್ರೇ, ಅಲುಗಾಡಬೇಡಿ ಅಂತಿದ್ದೆ" ಎಂದು ನಕ್ಕರು.

ಈ ವರ್ಷ ಅವನು ಮತ್ತೆ ಪರೀಕ್ಷೆಗೆ ಕೂರುತ್ತಿದ್ದಾನೆ. ಮದುವೆ ಸೀಜನ್ನು ಬಂದರೆ ನಾಲ್ಕು ದಿನ ಊರಿಗೂ ಬರುತ್ತಾನೆ. ಬಿ.ಎಸ್ಸಿ. ಸರ್ಟಿಫಿಕೇಟು ಸ್ಟುಡಿಯೊದ ಗಲ್ಲಾಪೆಟ್ಟಿಗೆಯಲ್ಲಿ ಭದ್ರವಾಗಿದೆ.